ಡ್ಯಾಮಿನ ಹೂಳಿಗೂ ಸೋನಾರ್ ನಡೆಯುತ್ತದೆ

ಶಬ್ದ ಬಿಟ್ಟು ಸಮುದ್ರದ ಆಳ ಅಳೆಯುವ ಸೋನಾರಿನಿಂದ ನಮ್ಮ ಮುನಿರಾಬಾದ್ ಡ್ಯಾಮಿನ, ಅಂದರೆ ತುಂಗಭದ್ರಾ ಅಣೆಕಟ್ಟಿನ, ಹೂಳು ಅಳೆಯಬಹುದಾ ಅಂತ ಕೇಳಿದ್ದೀರಿ. ಖಂಡಿತ ಅಳೆಯಬಹುದು ಸರ್. ನೀರಿನೊಳಗೆ ರೇಡಿಯೋ ಅಲೆ ಜಾಸ್ತಿ ದೂರ ಹೋಗುವುದಿಲ್ಲ. ಶಬ್ದ ಹೋಗುತ್ತದೆ, ಸೆಕೆಂಡಿಗೆ ಸುಮಾರು 1500 ಮೀಟರ್. ದೋಣಿಯಿಂದ ಬಿಟ್ಟ ಶಬ್ದ ತಳಕ್ಕೆ ತಾಗಿ 0.04 ಸೆಕೆಂಡಿನಲ್ಲಿ ವಾಪಸ್ ಬಂದರೆ ಆಳ 30 ಮೀಟರ್. ಹೋಗಿ ಬರುವ ದಾರಿ ಅಲ್ವಾ, ಅದಕ್ಕೇ ಅರ್ಧ ಮಾಡಬೇಕು. ಹಳೇ ನಕ್ಷೆಯ ಪಕ್ಕ ಇಟ್ಟರೆ ಎಷ್ಟು ತುಂಬಿದೆ ಅಂತ ಗೊತ್ತಾಗುತ್ತದೆ.

ಒಂದು ವಿಷಯ ಮಾತ್ರ ನೆನಪಿಡಿ. ಹೆಚ್ಚು ಕಂಪನದ ಶಬ್ದ ಮೆತ್ತನೆಯ ಕೆಸರಿನ ಮೇಲಿಂದಲೇ ತಿರುಗಿಬಿಡುತ್ತದೆ. ಕಡಿಮೆ ಕಂಪನದ್ದು ಒಳಗೂ ಇಳಿಯುತ್ತದೆ. ಬಂದರುಗಳಲ್ಲಿ ಹೂಳೆತ್ತುವ ಮುಂಚೆ ಎರಡನ್ನೂ ಬಳಸುವುದುಂಟು. ಸುಮಾರು 133 ಟಿಎಂಸಿ ಹಿಡಿಯುತ್ತಿದ್ದ ನಮ್ಮ ಡ್ಯಾಮು ಹೂಳು ತುಂಬಿ ಈಗ 105ರ ಆಸುಪಾಸಿಗೆ ಇಳಿದಿದೆ. ಎರಡನೇ ಬೆಳೆಗೆ ನೀರು ಕಾಯುವ ರೈತರಿಗೆ ಈ ಲೆಕ್ಕ ಸಣ್ಣದಲ್ಲ.