ನಿಂತ ಚೆಂಡು ಹೊಡಿಯೋದ್ರಾಗ ಏನ್ ಕಷ್ಟ ಅಂತೀರಾ?

ಗಂಗಾವತಿಯಿಂದ ಓದುಗರೊಬ್ರು ಬರದಾರ: "ಹೋದ ಸಂಚಿಕೆಯಾಗ ಗಾಲ್ಫ್ ಜೋಕ್ಸ್ ಅಂತ ಎರಡು ಪುಟ ತುಂಬ್ಸೀರಿ. ಚೆಂಡು ನಿಂತಿರ್ತದ, ಬೌಲರ್ ಇಲ್ಲ, ಅಡ್ಡ ಬರೋರಿಲ್ಲ, ಹೊಡಿಯಾಕ ಏನ್ ಕಷ್ಟ? ದುಡ್ಡಿದ್ದೋರ ಆಟಕ್ಕ ನಾವ್ಯಾಕ ನಗಬೇಕು? ಆ ಜಾಗದಾಗ ಕಬಡ್ಡಿ ಹಾಕ್ರಿ."

ಸಂಪಾದಕರ ಉತ್ತರ:

ಸರ, ಚೆಂಡು ನಿಂತಿರ್ತದಲ್ಲ, ಅದ ದೊಡ್ಡ ಫಜೀತಿ. ಬಳ್ಳಾರಿ ಮುನ್ಸಿಪಲ್ ಗ್ರೌಂಡಿನ್ಯಾಗ ಔಟಾದ ಹುಡುಗ ಪಿಚ್ ಸರಿ ಇದ್ದಿಲ್ಲ, ಬಿಸಿಲು ಕಣ್ಣಿಗೆ ಹೊಡೀತು, ಅಂಪೈರು ಅವರ ಕಡೆಯೋನು ಅಂತ ಏನರ ಒಂದು ಹೇಳ್ಕೊಂತ ಹೊರಗ ಬರ್ತಾನ. ಗಾಲ್ಫಿನಾಗ ಯಾರ ಮ್ಯಾಲ ಹಾಕ್ತೀರಿ? ಚೆಂಡು ಕಾಲ ಮುಂದ ಐತಿ, ವಿಚಾರ ಮಾಡಾಕ ಪುರಸೊತ್ತೂ ಐತಿ, ಆ ಪುರಸೊತ್ತಿನಾಗ ತಲಿ ಕೆಡ್ತದ. ಕೋಲು ಚೆಂಡಿಗೆ ತಾಗಿರೋದು ಸುಮಾರು ಅರ್ಧ ಮಿಲಿಸೆಕೆಂಡು ಅಷ್ಟ. ಅಷ್ಟರಾಗ ದಿಕ್ಕು 5 ಡಿಗ್ರಿ ತಪ್ಪಿತು ಅಂದ್ರ 200 ಮೀಟರ್ ಹೋಗೋದ್ರಾಗ ಚೆಂಡು 17 ಮೀಟರ್ ಆಚಿಗೆ, ಗಿಡದಾಗೋ ನೀರಾಗೋ. ಕೆಡವಬೇಕಾದ ಕುಣಿ ನೋಡಿದ್ರ 108 ಮಿಲಿಮೀಟರ್ ಅಗಲ. ಮ್ಯಾಲ 200 ಮೀಟರ್ ಹೊಡದದ್ದಕ್ಕೂ ಒಂದ ಲೆಕ್ಕ, ಎರಡು ಇಂಚು ದೂಡಿದ್ದಕ್ಕೂ ಒಂದ ಲೆಕ್ಕ!

1999ರ ಓಪನ್ ಟೂರ್ನಿ, ಸ್ಕಾಟ್ಲೆಂಡಿನ ಕಾರ್ನೂಸ್ಟಿ. ಫ್ರಾನ್ಸಿನ ಜಾನ್ ವಾನ್ ಡ ವೆಲ್ಡೆ ಕಡೇ ಹೋಲಿಗೆ, ಅಂದ್ರ ಕಡೇ ಕುಣಿಗೆ ಬಂದಾಗ ಉಳದೋರಿಗಿಂತ ಮೂರು ಹೊಡೆತ ಕಮ್ಮಿ ಹೊಡದು ಮುಂದಿದ್ದ, 6 ಹೊಡದ್ರೂ ಕಪ್ಪು ಅವಂದ. ಒಂದು ಹೊಡೆತ ಜನ ಕುಂತಿದ್ದ ಸ್ಟ್ಯಾಂಡಿನ ಕಬ್ಬಿಣಕ್ಕ ಬಡದು ವಾಪಸ್ ಹುಲ್ಲಿನಾಗ ಬಿತ್ತು, ಮುಂದಿಂದು ಹಳ್ಳಕ್ಕ ಹೋತು, ಅಂವ ಬೂಟು ಸಾಕ್ಸ್ ಬಿಚ್ಚಿ, ಪ್ಯಾಂಟು ಮಡಚಿ, ನೀರಾಗ ಇಳದು ಹೊಡಿಲೋ ಬ್ಯಾಡೋ ಅಂತ ನಿಂತ್ಕೊಂಡ. ಕಡಿಗೆ ಹೊಡೀಲಿಲ್ಲ, ಪೆನಾಲ್ಟಿ ತಗೊಂಡ, 7 ಆತು, ಲೆಕ್ಕ ಸಮ ಆತು, ಸಮ ಆದೋರು ಮತ್ತ ಆಡೋ ಪ್ಲೇಆಫ್‌ನಾಗ ಪಾಲ್ ಲಾರಿ ಗೆದ್ದ. ನೋಡಿದ್ರ ನಗು ಬರ್ತದ, ಹೊಟ್ಟಿಯಾಗ ಸಂಕಟಾನೂ ಆಗ್ತದ, ಎರಡೂ ಒಟ್ಟಿಗೆ ಬರೋ ಇಂಥಾ ನಗು ನನಗ ಬ್ಯಾರೆ ಆಟದಾಗ ಅಷ್ಟು ಸಿಕ್ಕಿಲ್ಲ, ಅದಕ್ಕ ಆ ಪುಟ ಹಾಕಿದ್ವಿ.

ಇನ್ನೊಂದು ಕೇಳ್ರಿ. 1940ರಾಗ ಲಂಡನ್ ಹತ್ರದ ರಿಚ್‌ಮಂಡ್ ಕ್ಲಬ್ಬಿನೋರು ಯುದ್ಧದ ಟೈಮಿಗೆ ಅಂತ ರೂಲ್ಸ್ ಮಾಡಿದ್ರು: ನೀವು ಹೊಡಿಯೋ ಹೊತ್ತಿಗೇ ಬಾಂಬು ಸಿಡದು ಶಾಟ್ ಕೆಟ್ರ ಇನ್ನೊಂದು ಚೆಂಡು ಹೊಡೀಬಹುದು, ಆದ್ರ ಒಂದು ಹೊಡೆತ ದಂಡ. ಬಾಂಬು ಬಿದ್ರೂ ನೆಪ ನಡಿಯಂಗಿಲ್ಲ!

ದುಡ್ಡಿನ ಮಾತು ಖರೇ, ಒಪ್ತೀನಿ, ನಮ್ಮ ಕಡೆ ಹುಡುಗ್ರಿಗೆ ಇದು ಕೈಗೆಟಕೋ ಆಟ ಅಲ್ಲ. ಆದ್ರ ನೋಡಾಕ, ನಗಾಕ, ಮರುಗಾಕ ದುಡ್ಡು ಬೇಕಿಲ್ಲಲ್ರಿ. ಬೆಂಗಳೂರಿನ ಅದಿತಿ ಅಶೋಕ್ 2021ರಾಗ ಟೋಕಿಯೋ ಒಲಿಂಪಿಕ್ಸಿನ್ಯಾಗ 72 ಹೋಲ್ ಆಡಿ ಒಂದ ಒಂದು ಹೊಡೆತದಾಗ ಪದಕ ತಪ್ಪಿಸ್ಕೊಂಡು ನಾಲ್ಕನೇದಾಕಿ ಆದ್ಲು, ಬರ್ಡಿ ಬೋಗಿ ಏನಂತ ಗೊತ್ತಿಲ್ದೋರೂ ಟಿವಿ ಮುಂದ ಕುಂತು ಆಕಿ ಸಲುವಾಗಿ ಚಡಪಡಿಸಿದ್ರು.

ಕಬಡ್ಡಿ ನಗೆಪ್ರಸಂಗ ನಿಮ್ಮ ಹತ್ರ ಇದ್ರ ಬರದು ಕಳಸ್ರಿ, ಖಂಡಿತ ಹಾಕ್ತೀವಿ. ಗಾಲ್ಫ್ ಪುಟಾನೂ ಇರ್ತದ. ಮುಂದಿನ ಸಂಚಿಕೆಯಾಗ 4 ಹೊಡೆತದಾಗ ಮುಗಿಬೇಕಾದ ಹೋಲಿಗೆ 16 ತಗೊಂಡ ಕೆವಿನ್ ನಾ ಕಥಿ ಐತಿ, 2011ರ ಟೆಕ್ಸಸ್ ಓಪನ್‌ದು. ಅದನ್ನ ಓದಿ ಮತ್ತ ಪತ್ರ ಬರೀರಿ.