ದಂತವೈದ್ಯರ ಉತ್ತರ: ಕ್ಯಾಪಿನ ಅಂಚಿನ ಕಡೆ ಗಮನವಿರಲಿ

ಪ್ರಶ್ನೆ: ನನಗೆ 46 ವರ್ಷ. ಎರಡು ತಿಂಗಳ ಹಿಂದೆ ಕೆಳದವಡೆಯ ಹಲ್ಲಿಗೆ ರೂಟ್ ಕೆನಾಲ್ ಆಯಿತು. ನೋವು ಪೂರ್ತಿ ಹೋಗಿದೆ, ಆ ಕಡೆಯೇ ಅಗಿಯುತ್ತಿದ್ದೇನೆ. ಈಗ ಕ್ಯಾಪ್ ಹಾಕಿಸಲೇಬೇಕು ಎನ್ನುತ್ತಿದ್ದಾರೆ. ನೋವೇ ಇಲ್ಲದ ಹಲ್ಲನ್ನು ಮತ್ತೆ ಯಾಕೆ ಅರೆಸಿಕೊಳ್ಳಬೇಕು? ಹಾಕಿಸುವುದಾದರೆ ಯಾವುದು ಒಳ್ಳೆಯದು?

ಉತ್ತರ: ದಯವಿಟ್ಟು ಇನ್ನು ತಡ ಮಾಡಬೇಡಿ. ನೋವಿಲ್ಲ ಎಂಬ ಧೈರ್ಯದಲ್ಲಿ ಹಲ್ಲು ಕಳೆದುಕೊಂಡವರನ್ನು ಬಹಳ ನೋಡಿದ್ದೇನೆ. ಒಬ್ಬರು ರೂಟ್ ಕೆನಾಲ್ ಮುಗಿಸಿ ಆರು ತಿಂಗಳು ಬಿಟ್ಟು ಬಂದರು, ಟಿಶ್ಯೂ ಕಾಗದದಲ್ಲಿ ಅರ್ಧ ಹಲ್ಲು ಸುತ್ತಿಕೊಂಡು. ಸೀಳು ಬೇರಿನವರೆಗೆ ಇಳಿದಿತ್ತು. ಉಳಿದರ್ಧವನ್ನೂ ನಾನೇ ಕೀಳಬೇಕಾಯಿತು. ಅಷ್ಟು ಚೆನ್ನಾಗಿ ಆಗಿದ್ದ ರೂಟ್ ಕೆನಾಲ್ ವ್ಯರ್ಥವಾಯಿತಲ್ಲ ಎಂದು ಇಂದಿಗೂ ಬೇಸರವಿದೆ.

ನಿಮ್ಮ ಹಲ್ಲಿನ ಒಳಗೆ ಏನಾಗಿದೆ ನೋಡಿ. ಹುಳುಕು ತೆಗೆಯುವಾಗ ಒಂದಿಷ್ಟು ಹೋಯಿತು, ನರದ ಕೋಣೆಗೆ ದಾರಿ ಮಾಡಲು ಸೂರನ್ನೇ ಕೊರೆದದ್ದಾಯಿತು. ಉಳಿದಿರುವುದು ಸುತ್ತಲಿನ ತೆಳು ಗೋಡೆ, ನಡುವೆ ಫಿಲ್ಲಿಂಗ್. ಅಗಿಯುವಾಗ ಎದುರು ಹಲ್ಲಿನ ಉಬ್ಬು ಆ ನಡುವಿಗೇ ಬೆಣೆಯ ಹಾಗೆ ಬಡಿಯುತ್ತದೆ, ಗೋಡೆಗಳು ಹೊರಕ್ಕೆ ಬಾಗುತ್ತವೆ. ಕ್ಯಾಪ್ ಅವನ್ನು ಸುತ್ತಲಿಂದ ಬಿಗಿದು ಹಿಡಿಯುತ್ತದೆ, ಬಂಡಿಯ ಗಾಲಿಗೆ ಹೊಡೆದ ಕಬ್ಬಿಣದ ಪಟ್ಟಿಯ ಹಾಗೆ. ಮುಂದಿನ ಹಲ್ಲಾಗಿದ್ದು ಸಣ್ಣ ತೂತು ಮಾತ್ರ ಬಿದ್ದಿದ್ದರೆ ಫಿಲ್ಲಿಂಗ್ ಸಾಕು ಎನ್ನುತ್ತಿದ್ದೆನೇನೋ. ದವಡೆ ಹಲ್ಲಿಗೆ ಆ ಮಾತು ಹೇಳಲಾರೆ.

ಅರೆಯುವುದಕ್ಕೆ ಹೆದರಬೇಡಿ. ಮೇಲ್ಭಾಗದಲ್ಲಿ ಸುಮಾರು ಒಂದೂವರೆಯಿಂದ 2 ಮಿ.ಮೀ., ಪಕ್ಕಗಳಲ್ಲಿ 1 ಮಿ.ಮೀ. ಆಸುಪಾಸು ತೆಗೆಯುತ್ತಾರೆ. ಒಸಡಿನ ಮೇಲೆ ಸುತ್ತಲೂ 2 ಮಿ.ಮೀ.ನಷ್ಟು ನಿಮ್ಮದೇ ಹಲ್ಲು ಉಳಿದರೆ ಕ್ಯಾಪಿಗೆ ಒಳ್ಳೆಯ ಹಿಡಿತ ಸಿಗುತ್ತದೆ. ತಡ ಮಾಡಿ ಗೋಡೆ ಮುರಿದುಕೊಂಡರೆ ಕಳೆದುಹೋಗುವುದು ಇದೇ. ಅಳತೆ ಕೊಟ್ಟ ಮೇಲೆ ಲ್ಯಾಬಿನಿಂದ ಬರುವವರೆಗೆ ತಾತ್ಕಾಲಿಕ ಕ್ಯಾಪ್ ಇರುತ್ತದೆ. ಅಷ್ಟು ದಿನ ಅಂಟುವ ತಿನಿಸು ಬೇಡ. ಫ್ಲಾಸ್ ದಾರವನ್ನು ಮೇಲಕ್ಕೆ ಕೀಳದೆ ಪಕ್ಕಕ್ಕೆ ಎಳೆದು ತೆಗೆಯಿರಿ, ಇಲ್ಲವಾದರೆ ಕ್ಯಾಪೂ ಜೊತೆಗೆ ಬಂದೀತು.

ಯಾವುದು ಒಳ್ಳೆಯದು ಎಂದರೆ, ಹಿಂದಿನ ದವಡೆಗೆ ನಾನು ಜಿರ್ಕೋನಿಯಾ ಎಂಬ ಗಟ್ಟಿ ಪಿಂಗಾಣಿಯ ಕ್ಯಾಪ್ ಹೇಳುತ್ತೇನೆ. ಹಲ್ಲಿನ ಬಣ್ಣ, ಒಳ್ಳೆಯ ಗಟ್ಟಿತನ. ನಕ್ಕಾಗ ಕಾಣದ ಜಾಗವಾದರೆ ಪೂರ್ತಿ ಲೋಹದ್ದನ್ನೂ ತಳ್ಳಿಹಾಕಬೇಡಿ. ಅದಕ್ಕೆ ಹಲ್ಲನ್ನು ಕಡಿಮೆ ಅರೆದರೆ ಸಾಕು, ಒಡೆಯುವುದೂ ಇಲ್ಲವೆನ್ನುವಷ್ಟು ಅಪರೂಪ. ಲೋಹದ ಮೇಲೆ ಪಿಂಗಾಣಿ ಹಚ್ಚಿದ ಕ್ಯಾಪಿನಲ್ಲಿ ಕೆಲವೊಮ್ಮೆ ಪಿಂಗಾಣಿಯ ಚೂರು ಏಳುತ್ತದೆ, ಒಸಡು ಸರಿದಾಗ ಅಂಚಿನಲ್ಲಿ ಕಪ್ಪು ಗೆರೆ ಕಾಣುತ್ತದೆ. ಬಣ್ಣವನ್ನು ಕೆಲಸ ಶುರುವಾಗುವ ಮೊದಲೇ ಹಗಲು ಬೆಳಕಿನಲ್ಲಿ ಹೊಂದಿಸಲು ಹೇಳಿ. ಬಾಯಿ ತೆರೆದುಕೊಂಡೇ ಇದ್ದರೆ ಹಲ್ಲು ಒಣಗಿ, ಇರುವುದಕ್ಕಿಂತ ಬೆಳ್ಳಗೆ ಕಾಣುತ್ತದೆ.

ಪ್ರಶ್ನೆ: ಕ್ಯಾಪ್ ಹಾಕಿಸಿ ವಾರವಾಯಿತು. ಬಾಯಿ ಮುಚ್ಚಿದರೆ ಮೊದಲು ಅದೇ ತಾಗುತ್ತದೆ. ‘ಅಭ್ಯಾಸವಾಗುತ್ತದೆ ಬಿಡು’ ಎಂದು ಮನೆಯವರು ಹೇಳುತ್ತಾರೆ. ತಣ್ಣಗಿನ ನೀರಿಗೆ ಸ್ವಲ್ಪ ಜುಂ ಎನ್ನುತ್ತದೆ.

ಉತ್ತರ: ಎತ್ತರವಾದ ಕ್ಯಾಪನ್ನು ಅಭ್ಯಾಸ ಮಾಡಿಕೊಳ್ಳಬಾರದು. ನಾಳೆಯೇ ಹೋಗಿ ಹೇಳಿ. ಕೂರಿಸಿದ ದಿನ ಬಾಯಿ ಮರಗಟ್ಟಿದ್ದರೆ ಕಚ್ಚುವ ಅಂದಾಜು ಯಾರಿಗೂ ಸರಿಯಾಗಿ ಸಿಗುವುದಿಲ್ಲ, ಅದು ನಿಮ್ಮ ತಪ್ಪಲ್ಲ. ನೀಲಿ ಕಾಗದದ ಪಟ್ಟಿ ಇಟ್ಟು ಕಚ್ಚಿಸುತ್ತಾರೆ, ಎಡಬಲಕ್ಕೆ ಉಜ್ಜಿಸುತ್ತಾರೆ. ಅಕ್ಕಪಕ್ಕದ ಹಲ್ಲುಗಳ ಮೇಲೆ ತೆಳು ಚುಕ್ಕೆ ಬಿದ್ದು, ಕ್ಯಾಪಿನ ಮೇಲೊಂದು ದಟ್ಟ ಕಲೆ ಮೂಡುತ್ತದೆ. ಅಷ್ಟನ್ನು ಉಜ್ಜಿ ನುಣುಪು ಮಾಡಿದರೆ ಕುರ್ಚಿಯಿಂದ ಏಳುವ ಮೊದಲೇ ‘ಹಾಂ, ಈಗ ಸರಿಯಾಯಿತು’ ಎನ್ನುತ್ತೀರಿ. ಹಾಗೇ ಬಿಟ್ಟರೆ ಆ ಹಲ್ಲಿನ ಬುಡ ನೋಯುತ್ತದೆ, ಎದುರಿನ ಹಲ್ಲೂ ಪೆಟ್ಟು ತಿನ್ನುತ್ತದೆ. ಜುಂ ಎನ್ನುತ್ತಿದೆ ಎಂದರೆ ನಿಮ್ಮ ಹಲ್ಲಿನಲ್ಲಿ ನರ ಜೀವಂತವಾಗಿದೆ. ಕೆಲವು ವಾರಗಳಲ್ಲಿ ಅದು ಇಳಿಯಬೇಕು. ಆದರೆ ರಾತ್ರಿ ತಾನಾಗಿ ಎದ್ದು ಮಿಡಿಯುವ ನೋವು ಬಂದರೆ ಕಾಯಬೇಡಿ.

ಪ್ರಶ್ನೆ: ಎಂಟು ವರ್ಷದ ಹಳೆಯ ಕ್ಯಾಪ್. ಈಚೆಗೆ ಅಲ್ಲಿ ಆಹಾರ ಸಿಕ್ಕಿಕೊಂಡು ವಾಸನೆ ಬರುತ್ತಿದೆ. ಕ್ಯಾಪ್ ಹಾಕಿದ ಹಲ್ಲಿಗೆ ಹುಳುಕು ಬರುವುದಿಲ್ಲ ಎಂದುಕೊಂಡಿದ್ದೆ.

ಉತ್ತರ: ಹೀಗೆ ತಿಳಿದವರು ವಾರಕ್ಕೊಬ್ಬರಾದರೂ ನನ್ನ ಬಳಿ ಬರುತ್ತಾರೆ. ಕ್ಯಾಪನ್ನು ಹುಳುಕು ಮುಟ್ಟದು, ನಿಜ. ಆದರೆ ಕ್ಯಾಪ್ ಮುಗಿದು ನಿಮ್ಮ ಹಲ್ಲು ಶುರುವಾಗುವ ಗೆರೆಯೊಂದಿದೆ, ಒಸಡಿನ ಪಕ್ಕದಲ್ಲೇ. ಹುಳುಕು ನುಗ್ಗುವುದು ಆ ಗೆರೆಯಿಂದ. ನರ ತೆಗೆದ ಹಲ್ಲಾದರೆ ನೋವೂ ಇರುವುದಿಲ್ಲ, ಒಳಗೊಳಗೇ ಮೆತ್ತಗಾಗುತ್ತ ಹೋಗುತ್ತದೆ. ಹಾಗಾಗಿ ವಾಸನೆಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಎಕ್ಸ್‌ರೇ ತೆಗೆಸಿ, ಅಂಚಿನಲ್ಲಿ ಮೊನೆ ಆಡಿಸಿ ನೋಡಲು ಹೇಳಿ. ಪಕ್ಕದ ಹಲ್ಲಿಗೂ ಕ್ಯಾಪಿಗೂ ನಡುವೆ ಸಂದು ಬಿದ್ದಿದ್ದರೂ ಹೀಗೆ ಆಹಾರ ಸಿಕ್ಕುತ್ತದೆ. ಆಗ ಕಡ್ಡಿಯಿಂದ ಕೆದಕುತ್ತ ಕೂತರೆ ಒಸಡು ಹಾಳಾದೀತು, ಕ್ಯಾಪನ್ನೇ ಬದಲಿಸಬೇಕಾಗಬಹುದು.

ನನ್ನ ಬಾಯಲ್ಲೂ 14 ವರ್ಷದಿಂದ ಒಂದು ಕ್ಯಾಪಿದೆ. ಮೃದು ಬ್ರಷ್ಷನ್ನು ಒಸಡಿನ ಕಡೆ ಓರೆ ಹಿಡಿದು, ಎಳೆಗಳ ತುದಿ ಆ ಗೆರೆಗೆ ತಾಗುವ ಹಾಗೆ ಸಣ್ಣಗೆ ಅಲುಗಿಸುತ್ತೇನೆ. ರಾತ್ರಿ ಫ್ಲಾಸ್ ದಾರವನ್ನು ಕ್ಯಾಪಿನ ಪಕ್ಕಕ್ಕೆ ಒತ್ತಿ ಒಸಡಿನ ಅಡಿಯವರೆಗೆ ಇಳಿಸಿ, ಮೇಲೆ ಕೆಳಗೆ ನಾಲ್ಕು ಸಲ ಆಡಿಸುತ್ತೇನೆ. ಫ್ಲೋರೈಡ್ ಇರುವ ಪೇಸ್ಟ್, ವರ್ಷಕ್ಕೆರಡು ಸಲ ತಪಾಸಣೆ. ನಿದ್ದೆಯಲ್ಲಿ ಹಲ್ಲು ಕಡಿಯುವವರಾದರೆ ರಾತ್ರಿ ಹಲ್ಲಿನ ಮೇಲೆ ತೊಡುವ ಕವಚ, ಅಂದರೆ ನೈಟ್ ಗಾರ್ಡ್, ಬೇಕೇ ಬೇಕು.

ಪ್ರಶ್ನೆ: ಊಟ ಮಾಡುವಾಗ ಕ್ಯಾಪ್ ಕಳಚಿ ಕೈಗೆ ಬಂತು. ಮನೆಯಲ್ಲಿರುವ ಗಮ್ಮಿನಿಂದ ಅಂಟಿಸಬಹುದೇ?

ಉತ್ತರ: ಖಂಡಿತ ಬೇಡ. ಆ ಗಮ್ಮು ಒಸಡನ್ನು ಸುಡುತ್ತದೆ, ಕ್ಯಾಪ್ ಸೊಟ್ಟಗೆ ಕೂತು ಬಿಡಿಸುವುದೇ ಸಾಹಸವಾಗುತ್ತದೆ. ತೊಳೆದು ಸಣ್ಣ ಡಬ್ಬಿಯಲ್ಲಿಟ್ಟು ವೈದ್ಯರ ಬಳಿ ಒಯ್ಯಿರಿ. ಒಳಗಿನ ಹಲ್ಲು ಗಟ್ಟಿಯಾಗಿದ್ದರೆ ಅದನ್ನೇ ಮತ್ತೆ ಕೂರಿಸಬಹುದು. ಅಲ್ಲಿಯವರೆಗೆ ಆ ಬದಿಯಲ್ಲಿ ಅಗಿಯಬೇಡಿ, ಸಡಿಲ ಕ್ಯಾಪನ್ನು ಬಾಯಲ್ಲಿಟ್ಟುಕೊಂಡು ಮಲಗಲೂಬೇಡಿ. ನುಂಗಿದರೆ ಸಾಮಾನ್ಯವಾಗಿ ಹೊಟ್ಟೆಯಿಂದ ತಾನಾಗಿ ಹೊರಹೋಗುತ್ತದೆ. ಉಸಿರಿನ ಹಾದಿಗೆ ಜಾರಿ ಕೆಮ್ಮು, ಉಬ್ಬಸ ಶುರುವಾದರೆ ಮಾತ್ರ ಒಂದು ಕ್ಷಣವೂ ಕಾಯದೆ ಆಸ್ಪತ್ರೆಗೆ ಹೋಗಿ.