ದಾಂಡೇಲಿಯ ಎರಡು ಮಂಗಟ್ಟೆಗಳು: ಒಂದೇ ಹಕ್ಕಿಯ ಗಂಡು-ಹೆಣ್ಣಾ?

ದಾಂಡೇಲಿಯಲ್ಲಿ ಒಂದು ದೊಡ್ಡ, ಒಂದು ಚಿಕ್ಕ ಹಾರ್ನ್‌ಬಿಲ್, ಅಂದರೆ ಮಂಗಟ್ಟೆ, ನೋಡಿದ್ದೀರಿ. ಗಂಡು-ಹೆಣ್ಣಾ, ಯಾವುದಕ್ಕೆ ಅಪಾಯ ಜಾಸ್ತಿ ಅಂತ ಕೇಳಿದ್ದೀರಿ. ಇಲ್ಲ, ಅವು ಬೇರೆ ಬೇರೆ ಹಕ್ಕಿಗಳು. ದೊಡ್ಡದು ದೊಡ್ಡ ಮಂಗಟ್ಟೆ, ಬ್ಯೂಸೆರಾಸ್ ಬೈಕಾರ್ನಿಸ್. ಚಿಕ್ಕದು ಮಲಬಾರ್ ಪೈಡ್ ಹಾರ್ನ್‌ಬಿಲ್, ಆಂಥ್ರಕೊಸೆರಾಸ್ ಕೊರೊನೇಟಸ್. ಕುಟುಂಬ ಒಂದೇ, ಅದರೊಳಗಿನ ಕುಲ (ಜೀನಸ್) ಬೇರೆ. ಹಿಂದೆ ಇವುಗಳನ್ನು ಮಿಂಚುಳ್ಳಿಗಳ ಗಣಕ್ಕೆ ಸೇರಿಸುತ್ತಿದ್ದರು. ಈಗ ಚಂದ್ರಮುಕುಟದ ಜೊತೆ ಬೇರೆ ಗಣದಲ್ಲಿ ಇಟ್ಟಿದ್ದಾರೆ.

ಗುರುತಿಸೋಕೆ ಬಾಲ ನೋಡಿ. ದೊಡ್ಡದರ ಬಿಳಿ ಬಾಲದಲ್ಲಿ ಒಂದು ಕಪ್ಪು ಪಟ್ಟಿ ಇರುತ್ತೆ. ಚಿಕ್ಕದರ ಬಾಲದ ಅಂಚಿನ ಗರಿಗಳು ಪೂರ್ತಿ ಬಿಳಿ, ಕೊಕ್ಕಿನ ಮೇಲಿನ ಕಿರೀಟದಲ್ಲಿ ದೊಡ್ಡ ಕಪ್ಪು ಮಚ್ಚೆ. ದೊಡ್ಡದರ ಕಿರೀಟದ ಅರಿಶಿನ ಬಣ್ಣ ಬಾಲದ ಬುಡದ ಗ್ರಂಥಿಯ ಎಣ್ಣೆಯಿಂದ ಬರೋದು, ಹಕ್ಕಿಯೇ ಉಜ್ಜಿ ಹಚ್ಚಿಕೊಳ್ಳುತ್ತೆ.

ಯಾವ ಜೀವಿಗೆ ಎಷ್ಟು ಅಳಿವಿನ ಅಪಾಯ ಅಂತ ಹೇಳುವ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್‌ನ ಕೆಂಪು ಪಟ್ಟಿಯಲ್ಲಿ ದೊಡ್ಡ ಮಂಗಟ್ಟೆ 2018ರಿಂದ 'ವಲ್ನರಬಲ್', ಅಂದರೆ ಅಳಿವಿನ ಅಪಾಯದಲ್ಲಿರುವ ಹಕ್ಕಿ. ಮಲಬಾರ್ ಪೈಡ್ ಅದಕ್ಕಿಂತ ಒಂದು ಮೆಟ್ಟಿಲು ಕೆಳಗೆ, 'ನಿಯರ್ ಥ್ರೆಟನ್ಡ್', ಅಂದರೆ ಅಪಾಯದ ಹತ್ತಿರ ಬಂದಿರುವ ಹಕ್ಕಿ. ನನಗೆ ಇದರಲ್ಲಿ ವಿಚಿತ್ರ ಅನ್ನಿಸೋದು ಒಂದಿದೆ. ಮಲಬಾರ್ ಪೈಡ್ ಇರೋದು ಭಾರತ, ಶ್ರೀಲಂಕಾದಲ್ಲಿ ಮಾತ್ರ. ದೊಡ್ಡದು ಪಶ್ಚಿಮ ಘಟ್ಟದಿಂದ ಸುಮಾತ್ರಾವರೆಗೂ ಇದೆ. ಆದರೂ ಅಪಾಯ ಅದಕ್ಕೇ ಜಾಸ್ತಿ. ಅದರ ಗೂಡಿಗೆ ಬೇಕಾದ ಪೊಟರೆ ಹಳೆಯ, ದಪ್ಪ ಮರದಲ್ಲಷ್ಟೇ ಸಿಗುತ್ತೆ. ಅಂಥ ಮರ ಕಡಿದರೆ ಮತ್ತೆ ಬೆಳೆಯೋಕೆ ತಲೆಮಾರುಗಳೇ ಬೇಕು. ಒಂದು ಸಲಕ್ಕೆ ಸಾಮಾನ್ಯವಾಗಿ ಸಾಕೋದು ಒಂದೇ ಮರಿ. ಈಶಾನ್ಯದಲ್ಲಿ ಮಾಂಸಕ್ಕೆ, ಕೊಕ್ಕಿಗೆ ಬೇಟೆಯಾಡಿದ್ದೂ ಇದೆ. ಕಾಡುಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಿಸುವ ಸೈಟಿಸ್ ಒಪ್ಪಂದದಲ್ಲೂ ದೊಡ್ಡದು ಹೆಚ್ಚು ಕಟ್ಟುನಿಟ್ಟಿನ ಒಂದನೇ ಪಟ್ಟಿಯಲ್ಲಿದೆ, ಚಿಕ್ಕದು ಎರಡನೆಯದರಲ್ಲಿ.

ಕಾಳಿ ನದಿ ದಂಡೆಯಲ್ಲಿ ಒಮ್ಮೆ ದೂರದಿಂದ ದುರ್ಬೀನಿನಲ್ಲಿ ಮಂಗಟ್ಟೆಯ ಗೂಡು ನೋಡುತ್ತಿದ್ದೆ. ಮೊದಲು ಕೇಳಿಸಿದ್ದು ರೆಕ್ಕೆಯ ಭುಸ್ ಭುಸ್ ಸದ್ದು. ಗಂಡು ಬಂದು ಪೊಟರೆಗೆ ಆತುಕೊಂಡು ಕೂತಿತು. ಗಂಟಲಿನಿಂದ ಅತ್ತಿಹಣ್ಣು ಒಂದೊಂದಾಗಿ ತೆಗೆದು ಸೀಳಿನೊಳಗೆ ಕೊಡುತ್ತಿತ್ತು. ಒಳಗೆ ಹೆಣ್ಣು ಸೀಳೊಂದನ್ನು ಬಿಟ್ಟು ಪೊಟರೆಯ ಬಾಯನ್ನು ಹಿಕ್ಕೆಯಿಂದ ಮುಚ್ಚಿಕೊಂಡು ಕೂತಿರುತ್ತೆ. ರೆಕ್ಕೆಯ ಗರಿ ಉದುರಿರುವಾಗ ಹಾರೋಕೂ ಆಗಲ್ಲ, ಊಟಕ್ಕೆ ಗಂಡೇ ಗತಿ. ದಯವಿಟ್ಟು ಬೇಸಿಗೆಯಲ್ಲಿ ಹೋದರೆ ಗೂಡಿನ ಮರದ ಬುಡಕ್ಕೆ ಹೋಗಬೇಡಿ. ಜನ ನಿಂತಿದ್ದರೆ ಗಂಡು ಹತ್ತಿರ ಬರೋದೇ ಇಲ್ಲ, ಆಚೆ ಮರದಲ್ಲಿ ಹಣ್ಣು ಹಿಡಿದುಕೊಂಡು ಕಾಯುತ್ತಾ ಇರುತ್ತೆ.